ಟವೆಲಿನ ಕೆಳಗಿನ ಬೆಲೆ

ಮೊನ್ನೆ ನನ್ನ ಮಗಳು ಬಾಲ್ಕನಿಯಲ್ಲಿ ಬಿಸಿಲು ಕಾಯುತ್ತ ಬಿದ್ದಿದ್ದ ಬೆತ್ತದ ಕುರ್ಚಿಯ ಫೋಟೊ ತೆಗೆದು, ಅದನ್ನು ಫೋನಿನಲ್ಲೇ ಮಾರಾಟಕ್ಕೆ ಹಾಕಲು ಹೊರಟಿದ್ದಳು. "ಅಮ್ಮ, ಎಷ್ಟು ಅಂತ ಹಾಕ್ಲಿ?" ಎಂದು ಕೇಳಿದಳು. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು, ಎಡಗೈ ಸೆರಗನ್ನು ಎಳೆದು ಅದರ ಮೇಲೆ ಹೊದಿಸಿತು. ಮಗಳು ಗಾಬರಿಯಾಗಿ, "ಕೈಗೆ ಏನಾಯ್ತಮ್ಮ?" ಎಂದಳು.

ಕೈಗೆ ಏನೂ ಆಗಿರಲಿಲ್ಲ. ಅದು ಅಪ್ಪಾಜಿಯಿಂದ ಬಂದದ್ದು. ಅವರಿಂದ ನನಗೆ ಬಂದ ಆಸ್ತಿ ಮೂರು: ಸಕ್ಕರೆ ಕಾಯಿಲೆ, ಅಗಲವಾದ ಪಾದ ಮತ್ತು ಈ ಅಭ್ಯಾಸ. ಮೊದಲಿನ ಎರಡಕ್ಕೆ ಗುಳಿಗೆಯೂ ಚಪ್ಪಲಿಯೂ ಸಿಗುತ್ತವೆ. ಮೂರನೆಯದಕ್ಕೆ ಕತೆ ಹೇಳಬೇಕಾಗುತ್ತದೆ.

ಅಪ್ಪಾಜಿ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹಳೆ ಸಾಮಾನಿನ ವ್ಯಾಪಾರ ಮಾಡುತ್ತಿದ್ದರು. ಹಳೆ ಸಾಮಾನು ಅಂದರೆ ಗುಜರಿ ಎಂದು ತಿಳಿದವರನ್ನು ಅವರು ಎರಡನೇ ಸಲ ಮಾತಾಡಿಸುತ್ತಿರಲಿಲ್ಲ. ಮಂಚ, ಮೇಜು, ಕುರ್ಚಿ, ಬೀರು, ಇಷ್ಟೇ. ಬಾಗಿಲು ಹಾಕಿದ ಮಿಲ್ಲುಗಳ ಆಫೀಸು, ವರ್ಗವಾಗಿ ಹೊರಟ ಸಾಹೇಬರ ಮನೆ, ಪಾಲಾದ ಅಣ್ಣತಮ್ಮಂದಿರ ಪಡಸಾಲೆ, ಇವೇ ಅವರ ಹೊಲಗದ್ದೆ. ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಬಾಗಿಲಿಗೂ ಯಾರಾದರೂ ಬೆಲೆ ಕೇಳಿದರೆ ಕೊಟ್ಟುಬಿಡುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿದ್ದಳೆಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ನಮ್ಮಜ್ಜ ಆನಗೋಡಿನವರು, ದನದ ಸಂತೆಯಲ್ಲಿ ದಲ್ಲಾಳಿ. ಆ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಹಿಡಿದುಕೊಂಡು ಮೇಲೆ ಒಂದು ಟವೆಲು ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು ಅಮುಕುವುದರಲ್ಲಿ ವ್ಯಾಪಾರ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಅಪ್ಪಾಜಿ ದನ ಬಿಟ್ಟು ಮರಕ್ಕೆ ಬಂದರೂ ಟವೆಲು ಬಿಡಲಿಲ್ಲ. ನಾಲ್ಕು ಕಾಲು ಇದ್ದ ಮೇಲೆ ಎತ್ತಾದರೇನು, ಮೇಜಾದರೇನು ಎಂಬುದು ಅವರ ವಾದ.

ಟವೆಲಿನ ಜೊತೆಗೆ ಅಜ್ಜ ಇನ್ನೊಂದು ನಿಯಮವನ್ನೂ ಬಿಟ್ಟುಹೋಗಿದ್ದರು. ವ್ಯಾಪಾರದ ಮನೆಯಲ್ಲಿ ನಿಂತು ಗಿರಾಕಿ ಒಂದು ವಸ್ತುವಿನ ಬೆಲೆ ಕೇಳಿದರೆ, "ಕೊಡುವುದಿಲ್ಲ" ಎನ್ನಬಾರದು. ಬೆಲೆ ಹೇಳಬೇಕು. ಇಲ್ಲ ಅಂದರೆ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾಳಂತೆ. ಈ ಒಂದು ನಿಯಮದಿಂದ ನಮ್ಮ ಮನೆಯಲ್ಲಿ ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನನಗೊಂದು ಓದುವ ಮೇಜಿತ್ತು, ಡ್ರಾಯರ್ ಇದ್ದದ್ದು. ಒಂದು ದಿನ ಸ್ಕೂಲಿನಿಂದ ಬಂದು ನೋಡಿದರೆ ಮೇಜಿನ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ. ಭಾನುವಳ್ಳಿಯ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ಒಯ್ದಿದ್ದರು, ಡ್ರಾಯರಿನಲ್ಲಿದ್ದ ನನ್ನ ಕಂಪಾಸ್ ಬಾಕ್ಸು ಮತ್ತು ಲೆಕ್ಕದ ಹೋಂವರ್ಕಿನ ಸಮೇತ. ಮರುದಿನ ಮೇಷ್ಟ್ರಿಗೆ, "ಹೋಂವರ್ಕ್ ಮಾರಾಟ ಆತು ಸರ್" ಎಂದೆ. ಅಷ್ಟು ಸತ್ಯ ಹೇಳಿಯೂ ಬೆಂಚಿನ ಮೇಲೆ ನಿಂತವಳು ಆ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ರೈತರು ಒಳ್ಳೆಯವರು. ಮುಂದಿನ ವಾರ ಬಸ್ಸಿನಲ್ಲಿ ಬಂದು ಎಲ್ಲವನ್ನೂ ವಾಪಸು ಕೊಟ್ಟು, ಜೊತೆಗೆ ಒಂದು ಚೀಲ ಹೊಸಕ್ಕಿಯನ್ನೂ ಇಟ್ಟುಹೋದರು. ಹೋಂವರ್ಕಿನಲ್ಲಿದ್ದ ಒಂದು ತಪ್ಪನ್ನು ಅವರ ಮಗ ತಿದ್ದಿದ್ದ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ. ನಾನು ಅವಲಕ್ಕಿ ಒಗ್ಗರಣೆ, ಮಿರ್ಚಿ ಹಿಡಿದು ಒಳಗಿನಿಂದ ಬರುವಷ್ಟರಲ್ಲಿ ಹುಡುಗನ ತಂದೆ ಸೋಫಾದ ಕೈಯನ್ನು ತಟ್ಟಿ ನೋಡುತ್ತಿದ್ದರು. "ಗಟ್ಟಿ ಐತಲ್ರಿ. ಎಷ್ಟಾಗಬೋದು ಇದು?" ಎಂದರು. ಪಾಪ, ಮಾತಿಗೆ ಮಾತು ಬೇಕೆಂದು ಕೇಳಿದ್ದು. ಅಪ್ಪಾಜಿಯ ಟವೆಲು ಆಗಲೇ ಭುಜದಿಂದ ಇಳಿದಿತ್ತು. ನನ್ನನ್ನು ಯಾರೂ ನೋಡಲಿಲ್ಲ, ಎಲ್ಲರೂ ಟವೆಲನ್ನೇ ನೋಡುತ್ತಿದ್ದರು. ಎರಡು ದಿನ ಬಿಟ್ಟು ಹೇಳಿ ಕಳಿಸಿದರು: ಸಂಬಂಧ ಬ್ಯಾಡ, ಸೋಫಾ ಕಳಿಸಿರಿ. ಅವ್ವ ಆ ದಿನ ಅಪ್ಪಾಜಿಗೆ ರೊಟ್ಟಿ ಬಡಿಸಿದ ಸದ್ದು ಬೀದಿಗೆ ಕೇಳಿಸಿತ್ತು.

ಅವ್ವನ ಹೆಸರು ಗಿರಿಜಮ್ಮ. ಅವಳಿಗೆ ಜೀವನದಲ್ಲಿ ಬಂಗಾರದ ಆಸೆಯಿದ್ದದ್ದನ್ನು ನಾನು ಕಂಡಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಟ್ಟಲ್ಲೇ ಇರುವ ಒಂದು ಸಾಮಾನು. ಹೋದ ಮಂಚ, ಹೋದ ಊಟದ ಮೇಜು, ತೊಗರಿ ಆರಿಸುತ್ತ ತಾನು ಕೂತಿದ್ದಾಗಲೇ "ಸ್ವಲ್ಪ ಏಳು" ಎಂದು ಎಬ್ಬಿಸಿ ಕೊಟ್ಟುಬಿಟ್ಟ ಸ್ಟೂಲು, ಎಲ್ಲವನ್ನೂ ಅವಳು ಸುಮ್ಮನೆ ನುಂಗಿಕೊಂಡಿದ್ದಳು. ಸೀರೆಗಳನ್ನು ತವರಿನ ತಗಡಿನ ಟ್ರಂಕಿನಲ್ಲೇ ಇಡುತ್ತಿದ್ದಳು. ತುಕ್ಕು ಹಿಡಿದಿದ್ದರಿಂದ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಹರಿಹರದಿಂದ ಒಂದು ಕನ್ನಡಿ ಬೀರು ಬಂತು. ಅಲ್ಲಿಯ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ಒಬ್ಬ ಅಧಿಕಾರಿಗೆ ವರ್ಗವಾಗಿತ್ತು. ಅಪ್ಪಾಜಿ ಟೆಂಪೊ ತಗೊಂಡು ಹೊರಟಾಗ, ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆಂದು ಅವ್ವನೂ ನಾನೂ ಹತ್ತಿಕೊಂಡೆವು. ಪೂಜೆ ಮುಗಿಸಿ ಕ್ವಾರ್ಟರ್ಸಿಗೆ ಹೋದರೆ, ಖಾಲಿಯಾದ ಕೋಣೆಯಲ್ಲಿ ತೇಗದ ಬೀರು ಒಂದೇ ನಿಂತಿತ್ತು. ಅದರ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಕನ್ನಡಿ. ಅವ್ವ ಅದರ ಮುಂದೆ ನಿಂತುಬಿಟ್ಟಳು. ನಮ್ಮ ಮನೆಯಲ್ಲಿದ್ದದ್ದು ಅಂಗೈ ಅಗಲದ ಕನ್ನಡಿ, ಕುಂಕುಮಕ್ಕೆ ಸಾಕಾಗುವಷ್ಟು. ಮದುವೆಯಾದಾಗಿನಿಂದ ಸೀರೆ ಉಟ್ಟವಳು ತನ್ನ ನೆರಿಗೆಯನ್ನು ತಾನು ಎದುರಿನಿಂದ ನೋಡಿದ್ದು ಅದೇ ಮೊದಲು. "ಯವ್ವಾ, ಇಷ್ಟು ವರ್ಷ ಒಂದು ನೆರಿಗಿ ಕೆಳಗ ಬಿಟ್ಕೊಂಡೇ ಅಡ್ಡಾಡೀನಲ್ಲೇ ಶೈಲಾ, ಒಬ್ಬರಾದ್ರೂ ಹೇಳಬಾರ್ದಾ?" ಎಂದು ನನ್ನ ಕಡೆ ತಿರುಗಿದಳು. ಬಗ್ಗಿ ನೆರಿಗೆ ಸರಿ ಮಾಡಿಕೊಂಡು, ಮತ್ತೆ ನೋಡಿಕೊಂಡು, ಅಪ್ಪಾಜಿಯ ಕಡೆ ನೋಡದೆ, "ಇದು ಇರ್ಲಿ" ಎಂದಳು. ಅವಳು ಅವರನ್ನು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪಾಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಬೀರು ಅಂಗಡಿಯಲ್ಲಿ ಇಳಿಯದೆ ಹಿಂದಿನ ಕೋಣೆಗೆ ಹೋಯಿತು. ಬೀದಿಯಿಂದ ಬಂದವರ ಕಣ್ಣಿಗೆ ಬೀಳದಂತೆ ಆ ಕೋಣೆಯ ಬಾಗಿಲಿಗೆ ಹಳೆಯ ಪರದೆಯೊಂದು ಬಿತ್ತು. ಅವ್ವ ಟ್ರಂಕು ಖಾಲಿ ಮಾಡಿ ಸೀರೆಗಳನ್ನು ಬೀರುವಿಗೆ ತುಂಬಿಸಿದಳು. ಹಬ್ಬದ ಊಟ ಆದ ಮೇಲೆ ಕೂರುವ ಹಾಗೆ, ಕಾಲು ಚಾಚಿ ಅದರ ಎದುರು ಕೂತಳು.

ಅದಾಗಿ ಒಂದೆರಡು ವರ್ಷಕ್ಕೆ, ತೊಂಬತ್ತೊಂಬತ್ತರ ಹೊತ್ತಿಗೆ, ಸೋದರಮಾವನ ಮಗ ಶಿವು ಹದಡಿ ರಸ್ತೆಯ ತಮ್ಮ ಮನೆಯ ಮುಂಗೋಣೆಯಲ್ಲಿ ಇಂಟರ್ನೆಟ್ ಸೆಂಟರ್ ತೆಗೆದ. ಎರಡು ಕಂಪ್ಯೂಟರು, ಒಂದು ಫ್ಯಾನು, ಒಳಗೆ ಬರುವಾಗ ಚಪ್ಪಲಿ ಬಿಡಿ ಎಂಬ ಬೋರ್ಡು. ಕಂಪ್ಯೂಟರ್ ಕೋರ್ಸು ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅಲ್ಲಿಗೆ ಹೋಗಿ ಟೈಪು ಮಾಡಿಕೊಡುತ್ತಿದ್ದೆ. ಗಿರಾಕಿಗಳಿಗಿಂತ ಸೊಳ್ಳೆಗಳೇ ಹೆಚ್ಚು ಬರುತ್ತಿದ್ದ ಆ ದಿನಗಳಲ್ಲಿ ಶಿವುವಿಗೆ ಹರಾಜು ಹಾಕುವ ಜಾಲತಾಣವೊಂದು ಸಿಕ್ಕಿತು. ಮಾರುವವನು ಶುರುವಿನ ಬೆಲೆ ಹಾಕುವುದು, ಬೇಕಾದವರು ಅದರ ಮೇಲೆ ಕೂಗುತ್ತ ಹೋಗುವುದು, ಗಡುವು ಮುಗಿದಾಗ ಯಾರದು ಹೆಚ್ಚೋ ಅವರಿಗೆ ಮಾಲು. ಅವನು ನೇರವಾಗಿ ನಮ್ಮ ಮನೆಗೆ ಬಂದ.

"ಮಾಮ, ಇನ್ಮ್ಯಾಲೆ ಗಿರಾಕಿ ಅಂಗಡಿಗೆ ಬರ್ಬೇಕಂತಿಲ್ಲ. ಗೋವಾದಾಗ ಕುಂತೋನು ನಿಮ್ಮ ಕುರ್ಚಿಗೆ ರೇಟ್ ಕೂಗ್ತಾನೆ."

"ಕುರ್ಚಿ ಮ್ಯಾಲೆ ಕುಂತು ನೋಡ್ದಂಗ?"

"ಕುಂತು ನೋಡ್ದಂಗ."

"ಅಂಥೋನ ಹತ್ರ ರೊಕ್ಕ ಹೆಂಗೆ ಉಳಿದಾವೋ ಶಿವು?" ಎಂದರು ಅಪ್ಪಾಜಿ. ಆದರೂ ಮಿಲ್ಲಿನ ಆಫೀಸಿನಿಂದ ತಂದ ಮರದ ಕುರ್ಚಿಗಳನ್ನು ಹಾಕಲು ಒಪ್ಪಿದರು. ಅಷ್ಟಕ್ಕೆ ಶಿವು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನೀರು ಕುಡಿಯಲು ಒಳಗೆ ಹೋದವನು ಪರದೆ ಸರಿಸಿ, "ಮಾಮ! ಈ ಬೀರು ಎಷ್ಟಕ್ಕ ಹಾಕಾಣ?" ಎಂದ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಬೀರುವಿನ ಬೆಲೆ ಕೇಳಿದ್ದು ಅವನೇ ಮೊದಲು. ಅಪ್ಪಾಜಿ ಟವೆಲನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡು, "ಮೊದ್ಲು ಫೋಟೋ ತೆಗಸು, ಆಮ್ಯಾಲೆ ನೋಡಾಣ" ಎಂದರು. ಅವ್ವ ಹೊರಗೆ ಬರಲಿಲ್ಲ. ಮತ್ತೆ ರೊಟ್ಟಿಯ ಸದ್ದು ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

ಸ್ಟುಡಿಯೋದವನು ಬಂದು ಎಲ್ಲದರ ಫೋಟೊ ತೆಗೆದ. ಅದನ್ನು ತೊಳೆಸಿ, ಸ್ಕ್ಯಾನ್ ಮಾಡಿಸಿ, ಶಿವು ಕಂಪ್ಯೂಟರಿಗೆ ಏರಿಸಿದ ದಿನ ಅಪ್ಪಾಜಿ ಸೆಂಟರಿಗೆ ಬಂದರು, ಚಪ್ಪಲಿ ಬಿಟ್ಟು. ಕುರ್ಚಿಗಳಿಗೆ ಸುಲಭದ ಬೆಲೆಯೇ ಹಾಕಿಸಿದರು, ಕಡಿಮೆಯದು. "ಕೆಳಗಿಂದ ಏರ್ಲಿ, ಮಂದಿಗೆ ಹುರುಪು ಬರ್ತತೆ" ಎಂದರು. ಆಮೇಲೆ ಬೀರು. ಆಗಿನ ಇಂಟರ್ನೆಟ್ಟು ಗೊತ್ತಲ್ಲ, ಚಿತ್ರ ಮೇಲಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಬೀರುವಿನ ನೆತ್ತಿಯ ಕೆತ್ತನೆ ಬಂತು. ಆಮೇಲೆ ಕನ್ನಡಿ. ಆಮೇಲೆ ಕನ್ನಡಿಯೊಳಗೆ ಒಂದು ಬೈತಲೆ, ಹಣೆಯ ವಿಭೂತಿ, ಮೂಗುಬಟ್ಟು, ಕೈಯಲ್ಲಿ ಕಾಫಿ ಲೋಟ. ಸ್ಟುಡಿಯೋದವನಿಗೆ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಅವ್ವ ಬೀರುವಿನ ಕನ್ನಡಿಯಲ್ಲಿ ಪೂರ್ತಿಯಾಗಿ ಸಿಕ್ಕಿಬಿದ್ದಿದ್ದಳು. ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ. ಬೀರುವನ್ನು ನೋಡುತ್ತಿದ್ದಳು, ಬಸ್ಸು ಹತ್ತಿದ ಮಗಳನ್ನು ನೋಡುವ ಹಾಗೆ.

"ಅಯ್ಯೋ, ಅತ್ತೆ ಬಂದುಬಿಟ್ಟಾಳೆ. ಬ್ಯಾರೆ ಫೋಟೋ ತೆಗಸಾಣೇನು?" ಎಂದ ಶಿವು.

"ಇರ್ಲಿ" ಎಂದರು ಅಪ್ಪಾಜಿ. ಬಹಳ ಹೊತ್ತು ನೋಡಿದರು. ಚಿತ್ರ ಅವಳ ಪಾದದವರೆಗೆ ಇಳಿಯುವ ತನಕ ಕಣ್ಣು ತೆಗೆಯಲಿಲ್ಲ. ನೆರಿಗೆ ಸರಿಯಾಗಿತ್ತು.

"ಎಷ್ಟು ಹಾಕ್ಲಿ ಮಾಮ?"

ಅಪ್ಪಾಜಿ ಟವೆಲು ಇಳಿಸಿ ಕೈ ಚಾಚಿದರು. ಶಿವು ಕೈ ಕೊಟ್ಟ. ಅವರು ಬೆರಳು ಅಮುಕಿದರೆ ಇವನಿಗೆ ಕಚಗುಳಿಯಾಗಿ ನಕ್ಕುಬಿಟ್ಟ, ಭಾಷೆ ಗೊತ್ತಿಲ್ಲದವನು. ಆಗ ಅಪ್ಪಾಜಿ ನನ್ನ ಕಡೆ ಕೈ ತಿರುಗಿಸಿದರು. ಹೆಣ್ಣುಮಕ್ಕಳ ಕೈ ಆ ಟವೆಲಿನ ಕೆಳಗೆ ಹೋದದ್ದು ನಮ್ಮ ವಂಶದಲ್ಲೇ ಅದು ಮೊದಲು. ಬಾಲ್ಯದಿಂದ ಪಕ್ಕದಲ್ಲಿ ನಿಂತು ನಿಂತು ನನಗೆ ಲೆಕ್ಕ ಗೊತ್ತಿತ್ತು. ಅವರು ಅಮುಕಿದ ಬೆಲೆಗೆ ಒಂದು ಹೊಸ ಮೊಪೆಡ್ಡು ಬರುತ್ತಿತ್ತು.

"ಅಪ್ಪಾಜಿ, ಹರಾಜಿನಾಗ ಹಿಂಗೆ ಮ್ಯಾಲಿಂದ ಹೇಳಿ ಇಳಿಸೋದಿಲ್ಲ. ಕೆಳಗಿಂದ…"

ಮತ್ತೆ ಅದೇ ಬೆರಳುಗಳು, ಅಷ್ಟೇ ಬಲವಾಗಿ. ನಾನು ಟೈಪು ಮಾಡಿದೆ. ಅಪ್ಪಾಜಿ ಹೋದ ಮೇಲೆ ಶಿವುವೂ ನಾನೂ ಹೊಟ್ಟೆ ತುಂಬ ನಕ್ಕೆವು. ಚೌಕಾಸಿಗೆ ಬಿದ್ದವರಿಗೆ ಹರಾಜು ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಿದೆವು. ಕುರ್ಚಿಗಳಿಗೆ ಅವರು ಸರಿಯಾಗಿಯೇ ಹೇಳಿದ್ದು ಆ ನಗುವಿನಲ್ಲಿ ನನಗೆ ನೆನಪಾಗಲಿಲ್ಲ.

ಮನೆಯಲ್ಲಿ ಅವ್ವ ಸೀರೆಗಳನ್ನು ಒಂದೊಂದಾಗಿ ಟ್ರಂಕಿಗೆ ಇಳಿಸುತ್ತಿದ್ದಳು. ಜಗಳವಿಲ್ಲ, ಅಳುವಿಲ್ಲ. ಸಾಮಾನು ಹೋಗುವ ಮುಂಚೆ ಖಾಲಿ ಮಾಡಿಡಬೇಕು, ಅಷ್ಟೇ, ಎಂಬ ಹಾಗೆ. "ಬೆಲೆ ಬಾಳ ಐತವ್ವ, ಯಾರೂ ತಗಳಂಗಿಲ್ಲ" ಎಂದೆ. "ನಿನ್ನ ಸೋಫಾಕ್ಕೂ ಬಾಳನೇ ಹೇಳಿದ್ರು" ಎಂದಳು.

ಮಿಲ್ಲಿನ ಕುರ್ಚಿಗಳು ಹೋದವು. ಬೀರುವನ್ನು ಯಾರೂ ಕೇಳಲಿಲ್ಲ. ಗಡುವು ಹತ್ತಿರವಾದಂತೆ ಅವ್ವ ಮೊದಲು ದಿನಬಳಕೆಯ ಸೀರೆ, ಆಮೇಲೆ ಇಳಕಲ್ಲು, ಹೀಗೆ ವಾಪಸು ತುಂಬತೊಡಗಿದಳು. ಕೊನೆಯ ದಿನ ಟ್ರಂಕಿನಲ್ಲಿ ಉಳಿದದ್ದು ಧಾರೆಯ ಸೀರೆ ಒಂದೇ. ಅಪ್ಪಾಜಿ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಶಿವು ಸ್ಕೂಟರನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದ.

"ಮಾಮ! ಬೀರೂಗೆ ಬಿತ್ತು! ಪುಣೆದವನೊಬ್ಬ ಕೂಗ್ಯಾನೆ! ಸಂಜಿ ಮುಂದ ಟೈಮ್ ಮುಗೀತು ಅಂದ್ರ ಅವಂದೇ!"

ಅಪ್ಪಾಜಿಯ ಕೈಯಲ್ಲಿದ್ದ ರೊಟ್ಟಿ ತುಂಡು ತಟ್ಟೆಗೆ ಬಿತ್ತು. "ಆ ಬೆಲಿಗೂ?" ಎಂದರು.

ಆ ಎರಡು ಮಾತಿನಲ್ಲಿ ನನಗೆ ಎಲ್ಲ ತಿಳಿಯಿತು. ಅವರಿಗೆ ಹರಾಜು ನಮಗಿಂತ ಚೆನ್ನಾಗಿ ಅರ್ಥವಾಗಿತ್ತು. ಕೊಡುವುದಿಲ್ಲ ಎಂದು ಹೇಳಬಾರದ ಮನುಷ್ಯ, ಯಾರೂ ಕೊಳ್ಳಲಾರದ ಬೆಲೆ ಹೇಳಿ ಬೀರುವನ್ನು ಉಳಿಸಿಕೊಂಡಿದ್ದರು. ಅಷ್ಟನ್ನು ಹೆಂಡತಿಗೆ ಹೇಳಲು ಮಾತ್ರ ಅವರಿಗೆ ಯಾವ ಬೆರಳೂ ಸಿಕ್ಕಿರಲಿಲ್ಲ. ಅವ್ವನಿಗೂ ತಿಳಿದಿರಬೇಕು. ಅವರ ಮುಖವನ್ನೇ ನೋಡುತ್ತಿದ್ದಳು.

"ತೆಗೆದುಬಿಡಾಣೇನು ಮಾಮ?" ಎಂದ ಶಿವು.

"ಬೆಲೆ ಹೇಳಿ ಆಗೇತಿ. ತಿರುಗಿಸಾಕೆ ಬರಂಗಿಲ್ಲ" ಎಂದು ಅಪ್ಪಾಜಿ ಕೈ ತೊಳೆದರು, ಅರ್ಧ ಊಟಕ್ಕೆ.

ಅವ್ವ ಧಾರೆಯ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದವಳು ಕೇಳಿದಳು: "ಶಿವು, ಆ ಹರಾಜಿನಾಗ ಹೆಣ್ಮಕ್ಕಳು ಕೂಗಬೋದೇನಪ?"

"ಯಾರಾದ್ರೂ ಕೂಗಬೋದು ಅತ್ತೆ."

"ಹಂಗಾರ ನಡಿ" ಎಂದು ಎದ್ದಳು.

ಸೆಂಟರಿನಲ್ಲಿ ಅವ್ವನ ಹೆಸರು ನೋಂದಾಯಿಸಿದೆ. ಗಂಡನ ಮಾಲಿಗೆ ಹೆಂಡತಿ ಕೂಗುವುದು ಆ ತಾಣದ ನಿಯಮಕ್ಕೆ ಸರಿಯೋ ತಪ್ಪೋ ನಾನು ಇಂದಿಗೂ ಓದಿಲ್ಲ. ನಾವು ಪುಣೆಯವನ ಮೇಲೆ ಕೂಗಿದೆವು. ಅವನು ನಮ್ಮ ಮೇಲೆ ಕೂಗಿದ. ಅವ್ವ ನನ್ನ ಭುಜ ತಿವಿದು, "ಏರ್ಸು" ಎಂದಳು. ತರಕಾರಿಯವಳ ಹತ್ತಿರ ಕೊತ್ತಂಬರಿಗೆ ಚೌಕಾಸಿ ಮಾಡುತ್ತಿದ್ದವಳು ಮೊಪೆಡ್ಡಿನ ಬೆಲೆ ದಾಟಿಸಿ ನಡೆದಳು. ಅಪ್ಪಾಜಿಯೂ ಹಿಂದೆಯೇ ಬಂದಿದ್ದರು. ಮಾರುವವರಾದ್ದರಿಂದ ಮಾತಾಡುವಂತಿರಲಿಲ್ಲ, ಬಾಗಿಲ ಬಳಿ ನಿಂತಿದ್ದರು.

ಗಡುವಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಲೈನು ಕಟ್ಟಾಯಿತು. ಇಂಟರ್ನೆಟ್ಟಿಗೂ ಮನೆಯ ಫೋನಿಗೂ ಇದ್ದದ್ದು ಒಂದೇ ತಂತಿ. ಒಳಗೆ ಶಿವುವಿನ ತಾಯಿ, ನಮ್ಮತ್ತೆ, ತವರಿಗೆ ಮಾತಾಡೋಣವೆಂದು ರಿಸೀವರ್ ಎತ್ತಿದ್ದರು. ಶಿವು ಕೂಗಾಡಿ ಇಡಿಸಿದ. ಮತ್ತೆ ಮೋಡೆಮ್ಮು ಕಿರುಗುಟ್ಟುತ್ತ ಜೋಡಿಸಿಕೊಳ್ಳುವಷ್ಟರಲ್ಲಿ ಪುಣೆಯವನು ಮೇಲಾಗಿದ್ದ. "ಇನ್ನೊಂದ್ಸಲ ಯಾರಾರ ಫೋನ್ ಎತ್ತಿದ್ರೆ ಮುಗೀತು ಅತ್ತೆ" ಎಂದ ಶಿವು.

ಅಪ್ಪಾಜಿ ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ರಿಸೀವರಿನ ಮೇಲೆ ತಮ್ಮ ಟವೆಲು ಹೊದಿಸಿ, ಅದರ ಮೇಲೆ ಕೈ ಇಟ್ಟರು. ಬಾಗಿಲ ಸಂದಿಯಿಂದ ನಮಗೆ ಕಾಣುತ್ತಿತ್ತು. ಅವ್ವ ಒಮ್ಮೆ ಆ ಕಡೆ ನೋಡಿದಳು, ಕಣ್ಣೊರೆಸಿಕೊಂಡಳು, "ಏರ್ಸೇ ಶೈಲಾ" ಎಂದಳು. ನನಗೆ ಅಕ್ಷರಗಳು ಮಂಜಾಗಿ ಕಾಣುತ್ತಿದ್ದವು, ಹೇಗೋ ಒತ್ತಿದೆ. ಪುಣೆಯವನು ಮತ್ತೆ ಬರಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಬೀರುವಿನ ಮುಂದೆ ನಿಂತು, "ಏನ್ರಿ, ಮಾಲು ನಂದಾತು. ರೊಕ್ಕದ ಮಾತು ಮುಗಿಸ್ಕೊಳ್ಳಾಣ ಬರ್ರಿ" ಎಂದು ಕೈ ಚಾಚಿದಳು. ಅಪ್ಪಾಜಿ ಟವೆಲು ಮುಚ್ಚಿದರು. ಅವಳು ಒಳಗೆ ಯಾವ ಬೆರಳು ಅಮುಕಿದಳೋ, ಎಷ್ಟು ಹೇಳಿದಳೋ, ಆ ಬೆಲೆಯನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ. ಅವಳಿಗೆ ಆ ಭಾಷೆ ಬರುತ್ತಿತ್ತೆಂಬುದೂ ನನಗೆ ಗೊತ್ತಿರಲಿಲ್ಲ. ಅಪ್ಪಾಜಿ ಮೊದಲು ಬೆಚ್ಚಿದರು, ಆಮೇಲೆ ಕಿವಿ ಕೆಂಪಾಗುವಷ್ಟು ನಕ್ಕರು. "ಆತು" ಎಂದರು. ಧಾರೆಯ ಸೀರೆ ಬೀರುವಿನೊಳಗೆ ಹೋಯಿತು.

ಕೆಲವು ದಿನಗಳ ಮೇಲೆ ಮಂಡಿಪೇಟೆಯ ಗಿರಾಕಿಯೊಬ್ಬರು ಮಂಚ ನೋಡಲು ಬಂದರು. ಪರದೆಯನ್ನು ಅವ್ವ ಆಗಲೇ ತೆಗೆದು ಒಗೆಯಲು ಹಾಕಿದ್ದಳು. "ಆ ಕನ್ನಡಿ ಬೀರು ಎಷ್ಟಕ್ಕ ಕೊಡ್ತೀರಿ?" ಎಂದರು ಅವರು. ಅಪ್ಪಾಜಿಯ ಕೈ ಭುಜಕ್ಕೆ ಹೋಗಿ ಅಲ್ಲೇ ನಿಂತಿತು.

"ಅದು ನಂದಲ್ರಿ. ಮಾಲಕರು ಒಳಗೆ ಅದಾರೆ. ಅವರನ್ನೇ ಕೇಳ್ರಿ."

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳು ವ್ಯಾಪಾರಸ್ಥಳಲ್ಲ, ಅಜ್ಜನ ನಿಯಮ ಅವಳಿಗೆ ತಟ್ಟುವುದಿಲ್ಲ.

"ಕೊಡಂಗಿಲ್ಲ" ಎಂದಳು.

"ಬೆಲೆನಾದ್ರೂ ಹೇಳ್ರವ್ವ."

"ಕೊಡಂಗಿಲ್ಲ ಅಂದ್ನಲ್ರಿ."

ಆ ಮನೆಯ ಗೋಡೆಗಳು ಅದುವರೆಗೆ ಆ ಮಾತನ್ನು ಕೇಳಿರಲಿಲ್ಲ. ಗಿರಾಕಿ ದಾರಿ ಕಾಣದೆ ಅಪ್ಪಾಜಿಯ ಮುಖ ನೋಡಿದರು. ಅಪ್ಪಾಜಿ ಟವೆಲು ಕೊಡವಿ ಭುಜಕ್ಕೆ ಹಾಕಿಕೊಂಡು, "ನಾವೇನ್ ಮಾಡಾಣ್ರಿ, ಅವರು ಬಾಳ ಬಿಗಿ" ಎಂದರು. ಒಬ್ಬ ಗಿರಾಕಿಯನ್ನು ಅವರು ಅಷ್ಟು ಸಂತೋಷದಿಂದ ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಮತ್ತೆ ಕಾಣಲಿಲ್ಲ.